ಗುತ್ತಿಗೆ ಕರಾರಿನಲ್ಲಿ ವರ್ಕ್ ಪ್ಯಾಕೇಜ್ ಮತ್ತು ವೇಳಾಪಟ್ಟಿ: ಯಾವ ಕೆಲಸಕ್ಕೆ ಯಾವ ಬಗೆ?

ಪಂಪ್ ಕೂರಿಸಲು ಕಾಂಕ್ರೀಟ್ ಪೀಠ ಬೇಕು. ಪೀಠದೊಳಗೆ ನಾಲ್ಕು ಆಂಕರ್ ಬೋಲ್ಟ್ ಹುದುಗಿರಬೇಕು. ನಾನು ಕಂಡ ಒಂದು ಕಾಮಗಾರಿಯಲ್ಲಿ ಪೀಠ ಸಿವಿಲ್ ಗುತ್ತಿಗೆದಾರರ ವರ್ಕ್ ಪ್ಯಾಕೇಜ್‌ನಲ್ಲಿತ್ತು (ಒಟ್ಟು ಕೆಲಸವನ್ನು ಒಡೆದಾಗ ಬರುವ ಒಂದು ತುಂಡು), ಪಂಪ್ ಮೆಕ್ಯಾನಿಕಲ್‌ನವರ ಪ್ಯಾಕೇಜ್‌ನಲ್ಲಿತ್ತು. ಬೋಲ್ಟ್ ಯಾರದು ಎಂದು ಎರಡೂ ಕರಾರಿನಲ್ಲಿ ಬರೆದಿರಲಿಲ್ಲ. ಬೋಲ್ಟ್ ಪಂಪಿನ ಜೊತೆ ಬರುತ್ತದೆ, ಆಮೇಲೆ ಅವರೇ ಕೂರಿಸಿಕೊಳ್ಳುತ್ತಾರೆ ಎಂದುಕೊಂಡು ಸಿವಿಲ್‌ನವರು ಪೀಠ ಹೊಯ್ದು ಬಿಲ್ ಕಳಿಸಿದರು. ಬೋಲ್ಟ್ ಇರುವ ಪೀಠವೇ ಸಿಗುತ್ತದೆ ಎಂದುಕೊಂಡು ಮೆಕ್ಯಾನಿಕಲ್‌ನವರು ಪಂಪ್ ತಂದಿಳಿಸಿದರು. ಕಾಂಕ್ರೀಟ್ ಕೊರೆದು, ರಾಸಾಯನಿಕ ಅಂಟು ತುಂಬಿ, ಬೋಲ್ಟ್ ನಿಲ್ಲಿಸಿ, ಅದು ಗಟ್ಟಿಯಾಗುವ ತನಕ ಪಂಪ್ ಟಾರ್ಪಾಲಿನ ಅಡಿ ಮಲಗಿತ್ತು. ತಮ್ಮ ತಮ್ಮ ವೇಳಾಪಟ್ಟಿಯ ಪ್ರಕಾರ ಇಬ್ಬರೂ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿದ್ದರು. ತಡವಾಗಿದ್ದು ಕೆಲಸ ಕೊಟ್ಟವರ ಯೋಜನೆ ಮಾತ್ರ.

ಅಂದಿನಿಂದ ಯಾವ ಕರಾರಿನ ಅನುಬಂಧ ಕೈಗೆ ಬಂದರೂ ನಾನು ಮೊದಲು ಪ್ಯಾಕೇಜ್‌ಗಳ ನಡುವಿನ ಗಡಿ ನೋಡುತ್ತೇನೆ, ಒಳಗಿರುವುದನ್ನು ಆಮೇಲೆ ಓದುತ್ತೇನೆ. ಕೆಲಸವನ್ನು ಒಡೆಯಲು ಹಲವು ಬಗೆಗಳಿವೆ. ವೇಳಾಪಟ್ಟಿಯನ್ನು ಕರಾರಿಗೆ ಕಟ್ಟಲೂ ಹಲವು ಬಗೆಗಳಿವೆ. ಇವುಗಳಲ್ಲಿ ಒಂದನ್ನು ಆರಿಸುವಾಗ ನಾನು ಹಿಡಿಯುವ ಅಳತೆಗೋಲು ಇದು: ಇಲ್ಲಿ ಕೆಲಸ ಮುಗಿಯಿತು ಎಂದು ಇಬ್ಬರೂ ವಾದವಿಲ್ಲದೆ ಒಪ್ಪುವ ಜಾಗ ಎಲ್ಲಿದೆ? ಗಡಿ ಅಲ್ಲೇ ಬೀಳಬೇಕು. ದಿನಾಂಕವನ್ನೂ ಹಣವನ್ನೂ ಅದೇ ಗಡಿಗೆ ಕಟ್ಟಬೇಕು. ಮೂರೂ ಬೇರೆ ಬೇರೆ ಕಡೆ ಬಿದ್ದರೆ ಮುಂದೆ ಜಗಳ ತಪ್ಪಿದ್ದಲ್ಲ.

ಕೆಲಸವನ್ನು ಯಾವ ಕಡೆಯಿಂದ ಒಡೆಯಬೇಕು

ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ. ಕೊನೆಗೆ ಕೈಗೆ ಸಿಗುವ ವಸ್ತುವಿನ ಪ್ರಕಾರ ಒಡೆಯಬಹುದು: ಪಂಪ್‌ಹೌಸ್, ಟ್ಯಾಂಕ್, ಕೊಳವೆ ಮಾರ್ಗ. ಕಸುಬಿನ ಪ್ರಕಾರ ಒಡೆಯಬಹುದು: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್. ಹಂತದ ಪ್ರಕಾರ ಒಡೆಯಬಹುದು: ವಿನ್ಯಾಸ, ಖರೀದಿ, ಜೋಡಣೆ, ಪರೀಕ್ಷೆ. ಇಲ್ಲವೇ ಜಾಗದ ಪ್ರಕಾರ: ಒಂದನೇ ಮಹಡಿ, ಎರಡನೇ ಮಹಡಿ, ಉತ್ತರ ಭಾಗ, ದಕ್ಷಿಣ ಭಾಗ.

ವಸ್ತುವಿನ ಪ್ರಕಾರ ಒಡೆಯುವುದಕ್ಕೆ ಹಳೆಯ ಬೇರಿದೆ. ಅಮೆರಿಕದ ರಕ್ಷಣಾ ಇಲಾಖೆ 1968ರಲ್ಲಿ ಮಿಲ್-ಎಸ್‌ಟಿಡಿ-881 ಎಂಬ ಮಾನದಂಡ ತಂದು, ತನ್ನ ದೊಡ್ಡ ಖರೀದಿಗಳಲ್ಲಿ ಕೆಲಸದ ವಿಂಗಡಣೆ ಉತ್ಪನ್ನದ ಸುತ್ತ ಇರಬೇಕೆಂದು ಗೊತ್ತುಮಾಡಿತು. ವಿಮಾನವೆಂದರೆ ಅದರ ಒಡಲು, ಎಂಜಿನ್, ಎಲೆಕ್ಟ್ರಾನಿಕ್ಸ್ ಎಂದು ಕೆಳಗಿಳಿಯಬೇಕು. ವಿನ್ಯಾಸ ವಿಭಾಗ, ತಯಾರಿಕೆ ವಿಭಾಗ ಎಂದು ಕಂಪನಿಯ ಒಳಗಿನ ಇಲಾಖೆಗಳ ಹೆಸರು ಹಿಡಿದು ಇಳಿಯುವಂತಿಲ್ಲ. ಇದರಲ್ಲಿ ಒಂದು ವಿವೇಕವಿದೆ. ವಸ್ತು ಕಣ್ಣಿಗೆ ಕಾಣುತ್ತದೆ, ಪರೀಕ್ಷೆಗೆ ಸಿಗುತ್ತದೆ, ಹಸ್ತಾಂತರ ಮಾಡಬಹುದು. ವಿನ್ಯಾಸ ಇಲಾಖೆಯ ಕೆಲಸ ಮುಗಿಯಿತು ಎಂಬ ಮಾತನ್ನು ಹೊರಗಿನವರು ತೂಗಿ ನೋಡಲಾರರು.

ಹಾಗೆಂದು ಎಲ್ಲ ಕಡೆ ಇದೇ ಸರಿ ಎನ್ನಲಾರೆ. ಒಬ್ಬನೇ ಗುತ್ತಿಗೆದಾರ ಇಡೀ ಪಂಪ್‌ಹೌಸ್ ಕಟ್ಟಿ, ಓಡಿಸಿ ಕೊಡುವುದಾದರೆ ವಸ್ತುವಿನ ಪ್ರಕಾರ ಒಡೆಯುವುದೇ ಲೇಸು. ಬೋಲ್ಟಿನ ತಂಟೆ ಅವನ ಮನೆಯೊಳಗಿನ ವಿಷಯವಾಗುತ್ತದೆ, ನಿಮ್ಮ ತನಕ ಬರುವುದಿಲ್ಲ. ಆದರೆ ಮೂವರು ಗುತ್ತಿಗೆದಾರರಿಗೆ ಬೇರೆ ಬೇರೆ ಕರಾರು ಕೊಡುತ್ತಿದ್ದರೆ ಕಸುಬಿನ ಪ್ರಕಾರ ಒಡೆಯದೆ ಗತಿಯಿಲ್ಲ, ಏಕೆಂದರೆ ಮಾರುಕಟ್ಟೆಯಲ್ಲಿ ಜನ ಸಿಗುವುದೇ ಹಾಗೆ. ಆಗ ಗಡಿಯ ಹೊಣೆ ಪೂರ್ತಿ ಕೆಲಸ ಕೊಟ್ಟವರ ತಲೆಗೆ ಬರುತ್ತದೆ. ಕಸುಬಿನ ಪ್ರಕಾರ ಒಡೆದರೆ ದರ ಕಡಿಮೆ ಬೀಳುತ್ತದೆ ಎಂದು ಲೆಕ್ಕ ಹಾಕುವವರು, ಆ ಹೊಣೆ ಹೊರಲು ತಮ್ಮಲ್ಲಿ ಜನ ಇದ್ದಾರೆಯೇ ಎಂದೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಉಳಿಸಿದ್ದು ಸಂಧಿಗಳಲ್ಲಿ ಸೋರಿಹೋಗುತ್ತದೆ.

ಹಂತದ ಪ್ರಕಾರ ಒಡೆಯುವುದು ಕಾಗದದ ಮೇಲೆ ಚೆಂದ. ಆದರೆ ಶೇ 90 ವಿನ್ಯಾಸ ಮುಗಿದಿದೆ ಎಂಬ ಸಾಲು ಎಷ್ಟೋ ತಿಂಗಳು ಶೇ 90ರಲ್ಲೇ ನಿಂತಿರುವುದನ್ನು ಯೋಜನೆ ನಡೆಸಿದವರೆಲ್ಲ ನೋಡಿರುತ್ತಾರೆ. ಹಂತ ಬೇಕೇ ಬೇಕೆಂದರೆ ಪ್ರತಿ ಹಂತದ ತುದಿಗೆ ಕೈಗೆ ಸಿಗುವ ಒಂದು ಕಾಗದ ಇಡಿ: ಅನುಮೋದನೆಯ ಮುದ್ರೆ ಬಿದ್ದ ಡ್ರಾಯಿಂಗ್, ಕಾರ್ಖಾನೆ ಪರೀಕ್ಷೆಯ ಸಹಿ ಮಾಡಿದ ವರದಿ. ಜಾಗದ ಪ್ರಕಾರ ಒಡೆಯುವುದು ಉದ್ದನೆಯ ಕೆಲಸಗಳಿಗೆ, ಅಂದರೆ ರಸ್ತೆ, ಕೊಳವೆ, ಸುರಂಗಗಳಿಗೆ ಒಪ್ಪುತ್ತದೆ. ಬಹುಮಹಡಿ ಕಟ್ಟಡಕ್ಕೂ ಒಪ್ಪುತ್ತದೆ.

ಯಾವ ದಾರಿ ಹಿಡಿದರೂ ಒಂದು ನಿಯಮ ಬಿಡಬಾರದು. ಕಸುಬಿನವರು ಇದನ್ನು ನೂರು ಪ್ರತಿಶತ ನಿಯಮ ಎನ್ನುತ್ತಾರೆ. ಕೆಳಗಿನ ಪ್ಯಾಕೇಜ್‌ಗಳನ್ನೆಲ್ಲ ಕೂಡಿಸಿದರೆ ಮೇಲಿನ ಕೆಲಸ ಪೂರ್ತಿ ಬರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಬಿಟ್ಟುಹೋಗುವುದು ಪೀಠ, ಪಂಪಿನಂಥ ದೊಡ್ಡ ವಸ್ತುಗಳಲ್ಲ. ಪರೀಕ್ಷೆಗೆ ಬೇಕಾದ ತಾತ್ಕಾಲಿಕ ವಿದ್ಯುತ್, ತುಂಬಿಸಬೇಕಾದ ನೀರು, ಬಳಕೆದಾರರ ತರಬೇತಿ, ಕಟ್ಟಿದ ಹಾಗೆ ತಿದ್ದಿದ ಡ್ರಾಯಿಂಗ್, ಜಾಗ ಚೊಕ್ಕಟ ಮಾಡುವುದು, ಇಂಥವೇ ಬಿಟ್ಟುಹೋಗುತ್ತವೆ.

ಎಷ್ಟು ಚಿಕ್ಕದು ಸಾಕು

ಪ್ಯಾಕೇಜ್ 8 ಗಂಟೆಗಿಂತ ಚಿಕ್ಕದಾಗಬಾರದು, 80 ಗಂಟೆಗಿಂತ ದೊಡ್ಡದಾಗಬಾರದು ಎಂಬ ಮಾತು ಯೋಜನಾ ನಿರ್ವಹಣೆಯ ತರಗತಿಗಳಲ್ಲಿ ಚಾಲ್ತಿಯಲ್ಲಿದೆ. ಗುತ್ತಿಗೆದಾರನ ಒಳಗಿನ ಯೋಜನೆಗೆ ಅದು ಸರಿಯೇ. ಕರಾರಿನ ಅನುಬಂಧಕ್ಕೆ ಅದನ್ನೇ ಹಿಡಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನಾನೂರು ಸಾಲಿನ ಅನುಬಂಧದಲ್ಲಿ ಒಂದು ಸಾಲು ಬದಲಾದರೂ ಕರಾರಿಗೇ ತಿದ್ದುಪಡಿ ತರಬೇಕಾಗುತ್ತದೆ.

ಕರಾರಿನ ಮಟ್ಟದಲ್ಲಿ ನಾನು ನೋಡುವುದು ಎರಡನ್ನು. ಒಂದು, ಬಿಲ್ಲಿನ ಅವಧಿ. ತಿಂಗಳಿಗೊಮ್ಮೆ ಹಣ ಕೊಡುವುದಾದರೆ ಒಂದೆರಡು ತಿಂಗಳಲ್ಲಿ ಮುಗಿಯುವ ಗಾತ್ರ ಅನುಕೂಲ. ಆರು ತಿಂಗಳ ಪ್ಯಾಕೇಜ್ ಇಟ್ಟು, ಮುಗಿದ ಮೇಲಷ್ಟೇ ಹಣ ಎಂದರೆ ಗುತ್ತಿಗೆದಾರ ಆ ಆರು ತಿಂಗಳ ಬಡ್ಡಿಯನ್ನು ದರದಲ್ಲಿ ಸೇರಿಸಿಯೇ ಟೆಂಡರ್ ಹಾಕುತ್ತಾನೆ. ಎರಡು, ತಡ ಬೇಗ ಗೊತ್ತಾಗುವುದು. ಪ್ಯಾಕೇಜ್ ದೊಡ್ಡದಾದಷ್ಟೂ ಕೆಲಸ ಹಿಂದೆ ಬಿದ್ದಿರುವುದು ತಡವಾಗಿ ಕಣ್ಣಿಗೆ ಬೀಳುತ್ತದೆ. ರಕ್ಷಣಾ ಖರೀದಿಯ ಪದ್ಧತಿ ಇಲ್ಲಿ ಮಾದರಿಯಾಗಬಲ್ಲದು. ಮೇಲಿನ ಮೂರು ಮಟ್ಟಗಳನ್ನು ಕೊಳ್ಳುವವರು ಗೊತ್ತುಮಾಡುತ್ತಾರೆ, ಅದರ ಕೆಳಗೆ ಗುತ್ತಿಗೆದಾರ ತನಗೆ ಬೇಕಾದಂತೆ ಒಡೆದುಕೊಳ್ಳುತ್ತಾನೆ.

ಒಂದು ಪ್ಯಾಕೇಜನ್ನು ಬರೆಯುವುದು

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಒಡೆಯುವ ಬಗೆ ಎಷ್ಟೇ ಸರಿಯಿದ್ದರೂ ಬರೆದ ಸಾಲು ಸಡಿಲಾಗಿದ್ದರೆ ಕೆಲಸ ಕೆಡುತ್ತದೆ. ಅನುಬಂಧಗಳಲ್ಲಿ ಪದೇ ಪದೇ ಕಾಣುವ ಸಾಲು ಹೀಗಿರುತ್ತದೆ: ‘ಪ್ಯಾಕೇಜ್ 4: ಪಂಪ್‌ಹೌಸ್‌ನ ಎಲ್ಲ ವಿದ್ಯುತ್ ಕೆಲಸ, ಸಂಬಂಧಿಸಿದ ಇತರೆ ಕೆಲಸಗಳೂ ಸೇರಿದಂತೆ, ತೃಪ್ತಿಕರವಾಗಿ ಪೂರ್ಣಗೊಳಿಸುವುದು.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎಲ್ಲ ಎಂದರೆ ಯಾವುದು, ಇತರೆ ಎಂದರೆ ಎಷ್ಟು, ತೃಪ್ತಿ ಯಾರದು ಎಂಬ ಮೂರೂ ಪ್ರಶ್ನೆ ಹಾಗೇ ಉಳಿದವು.

ಅದೇ ಪ್ಯಾಕೇಜನ್ನು ಹೀಗೆ ಬರೆಯಬಹುದು: ‘ಮುಖ್ಯ ಪ್ಯಾನೆಲ್‌ನ ಹೊರಹೋಗುವ ಟರ್ಮಿನಲ್‌ನಿಂದ ಮೂರು ಪಂಪ್ ಮೋಟಾರ್‌ಗಳ ಟರ್ಮಿನಲ್ ಬಾಕ್ಸ್ ತನಕ ಕೇಬಲ್ ಪೂರೈಕೆ, ಎಳೆಯುವುದು, ತುದಿ ಕಟ್ಟುವುದು. ಕೇಬಲ್ ಟ್ರೇ ಇದರಲ್ಲಿ ಸೇರಿದೆ. ಮುಖ್ಯ ಪ್ಯಾನೆಲ್ ಸೇರಿಲ್ಲ, ಅದು ಪ್ಯಾಕೇಜ್ 3ರಲ್ಲಿದೆ. ಮೋಟಾರ್ ಬದಿಯ ಕೇಬಲ್ ಗ್ಲ್ಯಾಂಡ್ ಇದರಲ್ಲಿ ಸೇರಿದೆ. ಗೋಡೆಯ ತೂತುಗಳನ್ನು ಪ್ಯಾಕೇಜ್ 2ರ ಗುತ್ತಿಗೆದಾರರು ಬಿಟ್ಟುಕೊಡುತ್ತಾರೆ. ಕೇಬಲ್ ಹಾದ ಮೇಲೆ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚುವುದು ಇದರಲ್ಲಿ ಸೇರಿದೆ. ಪ್ರತಿ ಕೇಬಲ್‌ನ ಇನ್ಸುಲೇಷನ್ ಪರೀಕ್ಷೆಯ ವರದಿಗೆ ಎಂಜಿನಿಯರ್ ಸಹಿ ಬಿದ್ದ ದಿನ ಪ್ಯಾಕೇಜ್ ಮುಗಿದಂತೆ. ವರದಿ ಕೈಸೇರಿದ 7 ದಿನದೊಳಗೆ ಎಂಜಿನಿಯರ್ ಸಹಿ ಮಾಡಬೇಕು, ಇಲ್ಲವೇ ತಕರಾರನ್ನು ಕಾರಣ ಸಹಿತ ಬರೆದು ತಿಳಿಸಬೇಕು.’

ಗಮನಿಸಿ, ಇದರಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದಿದೆ. ಏನು ಸೇರಿಲ್ಲ ಎಂಬುದೂ, ಅದು ಯಾರ ಬಳಿ ಇದೆ ಎಂಬುದೂ ಇದೆ. ಬೇರೆಯವರಿಂದ ಬರಬೇಕಾದದ್ದಿದೆ. ಮುಗಿದದ್ದಕ್ಕೆ ಸಾಕ್ಷಿ ಒಂದೇ ಒಂದು ಕಾಗದ. ಆ ಕಾಗದಕ್ಕೆ ಸಹಿ ಹಾಕುವವರಿಗೂ, ಅಂದರೆ ಕೆಲಸ ಕೊಟ್ಟವರ ಪರವಾಗಿ ನೋಡಿಕೊಳ್ಳುವ ಎಂಜಿನಿಯರ್‌ಗೂ, ಗಡುವಿದೆ. ಈ ಕೊನೆಯದನ್ನು ಕೆಲಸ ಕೊಡುವ ಕಡೆಯವರು ಬಿಡಲು ನೋಡುತ್ತಾರೆ. ಬಿಡಬೇಡಿ. ಸಹಿ ಇಪ್ಪತ್ತು ದಿನ ತಡವಾದರೆ ಅದರ ಮೇಲೆ ನಿಂತ ಮುಂದಿನ ಪ್ಯಾಕೇಜ್ ಕೂಡ ಇಪ್ಪತ್ತು ದಿನ ತಡ, ಆ ತಡದ ಹೊಣೆ ನಿಮ್ಮದೇ ಆಗುತ್ತದೆ.

ಹಣವನ್ನು ಯಾವುದಕ್ಕೆ ಕಟ್ಟಬೇಕು

ಹೆಚ್ಚಾಗಿ ಮೂರು ಬಗೆಗಳಲ್ಲಿ ಒಂದನ್ನು ಆರಿಸುತ್ತಾರೆ: ಅಳತೆ ಮಾಡಿ ಕೊಡುವುದು, ಚಟುವಟಿಕೆ ಮುಗಿದ ಮೇಲೆ ಕೊಡುವುದು, ಕೆಲವೇ ಮೈಲಿಗಲ್ಲುಗಳಲ್ಲಿ ಕೊಡುವುದು.

ಅಳತೆಯ ಕರಾರಿನಲ್ಲಿ ಪ್ರಮಾಣಪಟ್ಟಿ ಇರುತ್ತದೆ. ಎಷ್ಟು ಘನಮೀಟರ್ ಅಗೆದರೋ ಅಷ್ಟಕ್ಕೆ ಹಣ. ಪ್ರಮಾಣ ಹೆಚ್ಚಾದರೆ ಆ ಭಾರ ಕೆಲಸ ಕೊಟ್ಟವರದು. ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ ಕೆಂಪು ಪುಸ್ತಕ ಎಂದು ಕರೆಯುವ ಮಾದರಿ ಕರಾರು ಈ ದಾರಿಯದು. ವಿನ್ಯಾಸವನ್ನೂ ಗುತ್ತಿಗೆದಾರನೇ ಮಾಡುವ ಹಳದಿ ಪುಸ್ತಕ, ಇಡೀ ಕೆಲಸ ಓಡಿಸಿ ಕೊಡುವ ಬೆಳ್ಳಿ ಪುಸ್ತಕಗಳಲ್ಲಿ ಮೊತ್ತ ಮೊದಲೇ ಗೊತ್ತಾಗಿರುತ್ತದೆ. ನೆಲದಡಿ ಏನಿದೆ ಎಂದು ತಿಳಿಯದ ಅಗೆತದ ಕೆಲಸಕ್ಕೆ ಅಳತೆಯೇ ನ್ಯಾಯ. ಇದರಲ್ಲಿ ಒಂದು ಕೊರತೆಯೂ ಉಂಟು. ಪ್ರಮಾಣಪಟ್ಟಿಯ ಸಾಲುಗಳು ವೇಳಾಪಟ್ಟಿಯ ಸಾಲುಗಳಿಗೆ ಹೊಂದುವುದಿಲ್ಲ. ಕಾಂಕ್ರೀಟ್ 900 ಘನಮೀಟರ್ ಎಂಬ ಒಂದು ಸಾಲು ಹತ್ತು ಜಾಗಗಳಲ್ಲಿ ಹರಡಿರುತ್ತದೆ. ಬಿಲ್ ನೋಡಿದರೆ ಶೇ 60 ಹಣ ಹೋಗಿದೆ, ಆದರೆ ಒಂದು ಪೀಠವೂ ಪೂರ್ತಿಯಾಗಿಲ್ಲ ಎಂಬ ಸ್ಥಿತಿ ಬರಬಹುದು.

ಚಟುವಟಿಕೆ ಪಟ್ಟಿಯ ಬಗೆ ಇದಕ್ಕೆ ತಕ್ಕ ಮದ್ದು. ಬ್ರಿಟನ್‌ನಲ್ಲಿ 1993ರಲ್ಲಿ ಹುಟ್ಟಿ, 2017ರಲ್ಲಿ ನಾಲ್ಕನೇ ಆವೃತ್ತಿ ಕಂಡ ಎನ್‌ಇಸಿ ಎಂಬ ಮಾದರಿ ಕರಾರಿನ ಆಯ್ಕೆ ‘ಎ’ ಹೀಗೆ ನಡೆಯುತ್ತದೆ. ಗುತ್ತಿಗೆದಾರನೇ ಚಟುವಟಿಕೆಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಬೆಲೆ ಹಾಕುತ್ತಾನೆ. ಆ ಪಟ್ಟಿಯ ಸಾಲುಗಳು ವೇಳಾಪಟ್ಟಿಯ ಕೆಲಸಗಳಿಗೆ ಹೊಂದಿರಬೇಕು. ಪೂರ್ತಿ ಮುಗಿದ ಚಟುವಟಿಕೆಗೆ ಮಾತ್ರ ಹಣ. ಬಿಲ್ಲಿನ ದಿನ ಶೇ 95 ಆಗಿದ್ದರೂ ಆ ತಿಂಗಳು ಅದಕ್ಕೆ ಸೊನ್ನೆ. ಕಠಿಣ ಎನ್ನಿಸಬಹುದು. ಆದರೆ ಎಷ್ಟು ಪ್ರತಿಶತ ಆಯಿತೆಂಬ ಚೌಕಾಶಿಯನ್ನೇ ಇದು ಬುಡಸಮೇತ ಕಿತ್ತುಹಾಕುತ್ತದೆ. ಅನುಭವಿ ಗುತ್ತಿಗೆದಾರರು ಇದಕ್ಕೆ ತಕ್ಕಂತೆ ಚಟುವಟಿಕೆಗಳನ್ನು ಚಿಕ್ಕದಾಗಿ ಒಡೆದು ತಿಂಗಳಿನೊಳಗೆ ಮುಗಿಯುವಂತೆ ಮಾಡಿಕೊಳ್ಳುತ್ತಾರೆ. ಡ್ರಾಯಿಂಗ್ ಸಿದ್ಧವಿದ್ದು, ಪ್ರಮಾಣದಲ್ಲಿ ಹೆಚ್ಚು ಏರುಪೇರು ಇಲ್ಲದಿದ್ದರೆ ನನ್ನ ಒಲವು ಇದರ ಕಡೆಗೇ.

ಮೈಲಿಗಲ್ಲಿನ ಬಗೆ ಯಂತ್ರ ಪೂರೈಕೆಗೆ ಒಪ್ಪುತ್ತದೆ: ಆರ್ಡರ್, ಕಾರ್ಖಾನೆ ಪರೀಕ್ಷೆ, ಜಾಗಕ್ಕೆ ತಲುಪಿಸುವುದು, ಓಡಿಸಿ ತೋರಿಸುವುದು. ಇಲ್ಲಿ ಎಚ್ಚರ ಬೇಕಾದದ್ದು ಮೈಲಿಗಲ್ಲುಗಳ ತೂಕದಲ್ಲಿ. ಹಣವೆಲ್ಲ ಮೊದಮೊದಲ ಮೈಲಿಗಲ್ಲುಗಳಲ್ಲೇ ಖರ್ಚಾಗಿ ಹೋದರೆ, ಕೊನೆಯ ಪರೀಕ್ಷೆ, ತರಬೇತಿ, ಡ್ರಾಯಿಂಗ್‌ಗಳಿಗೆ ಬರುವಷ್ಟರಲ್ಲಿ ಗುತ್ತಿಗೆದಾರನ ಒಳ್ಳೆಯ ಜನ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಹತ್ತರಲ್ಲಿ ಒಂದು ಪಾಲಾದರೂ ಕೊನೆಯ ಮೈಲಿಗಲ್ಲಿಗೆ ಉಳಿದಿರಲಿ ಎನ್ನುವುದು ನನ್ನ ಅಭಿಪ್ರಾಯ.

ವೇಳಾಪಟ್ಟಿ ಕರಾರಿನ ಒಳಗಿರಬೇಕೇ, ಹೊರಗಿರಬೇಕೇ

ಇಡೀ ವಿಷಯದಲ್ಲಿ ಹೆಚ್ಚು ತಪ್ಪು ಆಗುವ ಆಯ್ಕೆ ಇದು. ಮೇಲುನೋಟಕ್ಕೆ ಸಂಗತಿ ಸರಳ: ಗುತ್ತಿಗೆದಾರ ಕೊಟ್ಟ ಪೂರ್ತಿ ವೇಳಾಪಟ್ಟಿಯನ್ನು ಕರಾರಿಗೆ ಲಗತ್ತಿಸಿಬಿಟ್ಟರೆ ಅವನು ಪ್ರತಿ ದಿನಾಂಕಕ್ಕೂ ಕಟ್ಟುಬಿದ್ದಂತಲ್ಲವೇ? ಅವನು ಕಟ್ಟುಬೀಳುವುದು ನಿಜ. ಆದರೆ ಅದೇ ಹಗ್ಗ ನಿಮಗೂ ಸುತ್ತಿಕೊಳ್ಳುತ್ತದೆ.

ಇಂಗ್ಲೆಂಡಿನ ನ್ಯಾಯಾಲಯವೊಂದು 1985ರಲ್ಲಿ ತೀರ್ಮಾನಿಸಿದ ಯಾರ್ಕ್‌ಷೈರ್ ವಾಟರ್ ಅಥಾರಿಟಿ ಮತ್ತು ಮ್ಯಾಕ್‌ಆಲ್ಪೈನ್ ಪ್ರಕರಣ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ. ಸುರಂಗದ ಕೆಲಸವನ್ನು ಯಾವ ವಿಧಾನದಲ್ಲಿ, ಯಾವ ಅನುಕ್ರಮದಲ್ಲಿ ಮಾಡುತ್ತೇವೆ ಎಂದು ಗುತ್ತಿಗೆದಾರರು ಕೊಟ್ಟ ವಿವರಣೆ ಕರಾರಿನ ಭಾಗವಾಯಿತು. ಆಮೇಲೆ ಆ ವಿಧಾನದಲ್ಲಿ ಕೆಲಸ ಮಾಡಲು ಆಗಲಿಲ್ಲ. ಸಾಮಾನ್ಯವಾಗಿ ಅದು ಗುತ್ತಿಗೆದಾರರ ಪಾಡು. ಆದರೆ ವಿಧಾನ ಕರಾರಿನಲ್ಲೇ ನಿಗದಿಯಾಗಿದ್ದರಿಂದ, ಅದನ್ನು ಬದಲಿಸುವುದು ಕೆಲಸದಲ್ಲಿ ಮಾಡಿದ ಬದಲಾವಣೆಯೇ ಆಗುತ್ತದೆ, ಅದಕ್ಕೆ ಹಣ ಕೊಡಬೇಕು ಎಂದು ತೀರ್ಪು ಬಂತು. ಕಟ್ಟಲೆಂದು ತಂದ ಹಗ್ಗ ಕಟ್ಟಿದವರನ್ನೇ ಬಿಗಿಯಿತು.

ಹಾಗಾಗಿ ನಾನು ಸೂಚಿಸುವ ದಾರಿ ನಡುವಿನದು. ಕರಾರಿನ ಒಳಗೆ ಕೆಲವೇ ದಿನಾಂಕಗಳಿರಲಿ: ಆರಂಭ, ಪೂರ್ಣಗೊಳಿಸುವ ದಿನ, ಭಾಗ ಭಾಗವಾಗಿ ವಶಕ್ಕೆ ತೆಗೆದುಕೊಳ್ಳುವುದಿದ್ದರೆ ಆ ಭಾಗಗಳ ದಿನಗಳು, ಬೇರೆ ಗುತ್ತಿಗೆದಾರರು ಕಾಯುತ್ತಿರುವ ಗಡಿಯ ದಿನಗಳು. ಜೊತೆಗೆ ಕೆಲಸ ಕೊಟ್ಟವರು ಮಾಡಬೇಕಾದವುಗಳ ದಿನಗಳೂ ಇರಲಿ: ಜಾಗದ ಹಸ್ತಾಂತರ, ಡ್ರಾಯಿಂಗ್ ಅನುಮೋದನೆ, ತಾವೇ ಪೂರೈಸುವ ಸಾಮಗ್ರಿ. ಉಳಿದ ವಿವರವಾದ ವೇಳಾಪಟ್ಟಿ ಕರಾರಿನ ಹೊರಗಿರಲಿ. ಆದರೆ ಅದನ್ನು ಇಷ್ಟು ದಿನದೊಳಗೆ ಕೊಡಬೇಕು, ಇಷ್ಟು ದಿನಕ್ಕೊಮ್ಮೆ ಪರಿಷ್ಕರಿಸಬೇಕು ಎಂಬ ಹೊಣೆ ಕರಾರಿನಲ್ಲಿ ಬರೆದಿರಲಿ.

ಫಿಡಿಕ್‌ನ 1999ರ ಕೆಂಪು ಪುಸ್ತಕ ಈ ದಾರಿಯಲ್ಲೇ ನಡೆಯುತ್ತದೆ. ಕೆಲಸ ಆರಂಭಿಸುವ ಸೂಚನೆ ಬಂದ 28 ದಿನದೊಳಗೆ ಗುತ್ತಿಗೆದಾರ ವಿವರವಾದ ವೇಳಾಪಟ್ಟಿ ಕೊಡಬೇಕು. 21 ದಿನದೊಳಗೆ ಎಂಜಿನಿಯರ್ ಆಕ್ಷೇಪಿಸದಿದ್ದರೆ ಅದರ ಪ್ರಕಾರ ಕೆಲಸ ನಡೆಯುತ್ತದೆ. ಎನ್‌ಇಸಿಯ ನಾಲ್ಕನೇ ಆವೃತ್ತಿ, ಎನ್‌ಇಸಿ4, ಇನ್ನೂ ಬಿಗಿ. ವೇಳಾಪಟ್ಟಿ ಕರಾರಿನ ಜೊತೆ ಬಂದಿಲ್ಲವೆಂದಾದರೆ, ಕರಾರು ಕೇಳುವ ಮಾಹಿತಿಯಿರುವ ಮೊದಲ ವೇಳಾಪಟ್ಟಿ ಸಲ್ಲಿಕೆಯಾಗುವ ತನಕ ಆಗಿರುವ ಕೆಲಸದ ಬೆಲೆಯಲ್ಲಿ ಕಾಲು ಭಾಗವನ್ನು ಹಿಡಿದಿಡಲಾಗುತ್ತದೆ. ವೇಳಾಪಟ್ಟಿಯನ್ನು ಆಮೇಲೆ ಕೊಡೋಣ ಬಿಡಿ ಎನ್ನುವವರ ಮೇಲೆ ಇಂಥ ಒಂದು ಸಾಲು ಹತ್ತು ನೆನಪಿನ ಪತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎನ್‌ಇಸಿಯಲ್ಲಿ ಮೆಚ್ಚತಕ್ಕ ಇನ್ನೊಂದು ಭೇದವಿದೆ. ಪೂರ್ಣಗೊಳಿಸುವ ದಿನ ತಪ್ಪಿದರೆ, ತಡದ ಪರಿಹಾರದ ಐಚ್ಛಿಕ ಕಲಮನ್ನು ಕರಾರಿಗೆ ಸೇರಿಸಿಕೊಂಡಿದ್ದ ಪಕ್ಷದಲ್ಲಿ, ದಿನಕ್ಕಿಷ್ಟು ಎಂದು ಮೊದಲೇ ಗೊತ್ತುಮಾಡಿದ ಪರಿಹಾರ. ಆದರೆ ಗಡಿಯ ದಿನ, ಅವರ ಮಾತಿನಲ್ಲಿ ಕೀ ಡೇಟ್, ತಪ್ಪಿದರೆ ಅದರಿಂದ ಕೆಲಸ ಕೊಟ್ಟವರಿಗೆ ಅದೇ ಯೋಜನೆಯಲ್ಲಿ ನಿಜವಾಗಿ ತಗುಲಿದ ಹೆಚ್ಚುವರಿ ಖರ್ಚು ಮಾತ್ರ. ಮೊದಲು ಹೇಳಿದ ಪಂಪ್ ಪೀಠಕ್ಕೆ ಇಂಥ ಒಂದು ಕೀ ಡೇಟ್ ಇದ್ದು, ಅದಕ್ಕೆ ‘ಪೀಠ ಬೋಲ್ಟ್ ಸಮೇತ ಸಿದ್ಧವಾಗಿರಬೇಕು’ ಎಂಬ ಷರತ್ತು ಅಂಟಿದ್ದರೆ, ಬೋಲ್ಟ್ ಯಾರದೆಂಬ ಪ್ರಶ್ನೆ ಕರಾರು ಬರೆಯುವ ದಿನವೇ ಏಳುತ್ತಿತ್ತು.

ಕೆಲಸ ಕೊಟ್ಟವರಿಂದಲೇ ತಡವಾದರೆ ಗಡುವು ವಿಸ್ತರಿಸುವ ಕಲಮು ಕಡ್ಡಾಯವಾಗಿ ಇರಲೇಬೇಕು. ಇದು ಗುತ್ತಿಗೆದಾರನಿಗೆ ತೋರುವ ಕರುಣೆ ಎಂದು ಭಾವಿಸುವವರಿದ್ದಾರೆ. ಹಾಗಲ್ಲ, ಇದು ಕೆಲಸ ಕೊಟ್ಟವರ ರಕ್ಷಣೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1970ರ ಪೀಕ್ ಮತ್ತು ಮೆಕಿನ್ನಿ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಕೆಲಸ ಕೊಟ್ಟವರಿಂದ ಆದ ತಡಕ್ಕೆ ಗಡುವು ವಿಸ್ತರಿಸುವ ದಾರಿ ಕರಾರಿನಲ್ಲಿ ಇಲ್ಲವಾದರೆ, ಹಳೆಯ ಗಡುವನ್ನು ಹಿಡಿದು ನಿಗದಿತ ತಡದ ಪರಿಹಾರ ಕೇಳುವ ಹಕ್ಕು ಅವರಿಗೆ ಉಳಿಯುವುದಿಲ್ಲ. ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ ನಡೆಯುವ ಕರಾರುಗಳಲ್ಲಿ ಈ ತತ್ವ ಇಂದಿಗೂ ಬದುಕಿದೆ.

ಸಡಿಲು ದಿನಗಳು ಯಾರ ಪಾಲು

1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ, ಕೊನೆಯ ದಿನವನ್ನು ನಿರ್ಧರಿಸುವ ಕೆಲಸಗಳ ಸರಪಳಿಯನ್ನು ಹುಡುಕುವ ಕ್ರಿಟಿಕಲ್ ಪಾತ್ ಲೆಕ್ಕಾಚಾರ ಬಂದ ಮೇಲೆ ವೇಳಾಪಟ್ಟಿಯಲ್ಲಿ ಫ್ಲೋಟ್ ಎಂಬುದು ಕಾಣಲು ತೊಡಗಿತು. ಒಂದು ಕೆಲಸ ಎಷ್ಟು ದಿನ ಜಾರಿದರೂ ಕೊನೆಯ ದಿನ ಅಲುಗುವುದಿಲ್ಲವೋ ಅಷ್ಟು ದಿನಗಳ ಸಡಿಲು ಅದು. ಕರಾರುಗಳು ಇದರ ಬಗ್ಗೆ ಮೌನವಾಗಿರುವುದೇ ಹೆಚ್ಚು.

ಒಂದು ಲೆಕ್ಕ ನೋಡಿ. ಪ್ಯಾನೆಲ್ ಕೆಲಸಕ್ಕೆ 10 ದಿನ ಫ್ಲೋಟ್ ಇದೆ. ಡ್ರಾಯಿಂಗ್ ಅನುಮೋದನೆಯಲ್ಲಿ ಕೆಲಸ ಕೊಟ್ಟವರು 8 ದಿನ ತಡ ಮಾಡಿದರು. ಆಮೇಲೆ ಗುತ್ತಿಗೆದಾರ ತನ್ನ ಕಡೆಯಿಂದ 5 ದಿನ ತಡ ಮಾಡಿದ. ಒಟ್ಟು 13, ಅಂದರೆ ಕೊನೆಯ ದಿನ 3 ದಿನ ಜಾರಿತು. ಫ್ಲೋಟ್ ಮೊದಲು ಬಂದವರ ಪಾಲು ಎಂದಾದರೆ, ಕೆಲಸ ಕೊಟ್ಟವರು 8 ತಿಂದರು, ಉಳಿದ 2 ಗುತ್ತಿಗೆದಾರನಿಗೆ ಸಿಕ್ಕಿತು, 3 ದಿನದ ದಂಡ ಅವನದೇ. ಫ್ಲೋಟ್ ಗುತ್ತಿಗೆದಾರನದೇ ಎಂದು ಬರೆದಿದ್ದರೆ, 8 ದಿನದ ತಡಕ್ಕೆ ಅವನಿಗೆ 8 ದಿನ ವಿಸ್ತರಣೆ ಸಿಗುತ್ತದೆ, ದಂಡದ ಮಾತೇ ಇಲ್ಲ. ಘಟನೆ ಅದೇ, ಬರೆದ ಸಾಲಿನ ಮೇಲೆ ಫಲ ತಿರುವುಮುರುವು. ಬ್ರಿಟನ್‌ನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ವಿಳಂಬ ಕುರಿತ ಪ್ರೋಟೊಕಾಲ್ ಮೊದಲನೇ ದಾರಿಯ ಕಡೆ ವಾಲುತ್ತದೆ: ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಫ್ಲೋಟ್ ಪೂರ್ತಿ ಕರಗಿದ ಮೇಲಿನ ತಡಕ್ಕಷ್ಟೇ ವಿಸ್ತರಣೆ. ನನಗೂ ಇದೇ ಸರಿ ಕಾಣುತ್ತದೆ, ಆದರೆ ಯಾವುದನ್ನು ಒಪ್ಪಿದರೂ ಒಂದು ಸಾಲಿನಲ್ಲಿ ಬರೆದುಬಿಡಿ.

ಗಡುವಿಗೆ ಮೊದಲೇ ಮುಗಿಸುತ್ತೇನೆಂದು ಗುತ್ತಿಗೆದಾರ ವೇಳಾಪಟ್ಟಿಯಲ್ಲಿ ತೋರಿಸಿದರೆ? 1987ರ ಗ್ಲೆನ್‌ಲಯನ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ, ಹಾಗೆ ಬೇಗ ಮುಗಿಸಲು ಅವನಿಗೆ ಹಕ್ಕಿದೆ, ಆದರೆ ಅದಕ್ಕೆ ತಕ್ಕಂತೆ ಬೇಗ ಡ್ರಾಯಿಂಗ್ ಒದಗಿಸುವ ಹೊಣೆ ಕೆಲಸ ಕೊಟ್ಟವರಿಗಿಲ್ಲ ಎಂದಿತು.

ದಿನಾಂಕವೋ, ದಿನಗಳ ಎಣಿಕೆಯೋ

ಇದು ಚಿಕ್ಕ ಆಯ್ಕೆ. ಆರಂಭದ ದಿನ ಖಚಿತವಿದ್ದರೆ ಕ್ಯಾಲೆಂಡರ್ ದಿನಾಂಕ ಬರೆಯಿರಿ. ಸಹಿ, ಮುಂಗಡ, ಜಾಗದ ಹಸ್ತಾಂತರ ಇನ್ನೂ ತೂಗಾಡುತ್ತಿದ್ದರೆ ‘ಆರಂಭ ದಿನದಿಂದ 210 ದಿನ’ ಎಂದು ಬರೆಯಿರಿ. ಆ ಆರಂಭ ದಿನ ಯಾವ ಘಟನೆಯಿಂದ ಶುರು ಎಂಬುದನ್ನು ಜೊತೆಗೇ ಬರೆಯಿರಿ. ದಿನ ಎಂದರೆ ಕೆಲಸದ ದಿನವೋ, ರಜೆಯೂ ಸೇರಿದ ದಿನವೋ ಎಂಬುದನ್ನು ಒಮ್ಮೆ ವ್ಯಾಖ್ಯಾನಿಸಿದರೆ ಸಾಕು. ಒಂದೇ ಕರಾರಿನಲ್ಲಿ ಎರಡೂ ಬಗೆಯನ್ನು ಬೆರೆಸಬೇಡಿ.

ಕೆಲಸದ ಆಕಾರವೇ ಮೊದಲು ತಿಳಿಯದಿದ್ದರೆ

ಇಲ್ಲಿಯ ತನಕ ಹೇಳಿದ್ದೆಲ್ಲ ಏನು ಕಟ್ಟಬೇಕೆಂದು ಗೊತ್ತಿರುವ ಕೆಲಸಗಳಿಗೆ. ತಂತ್ರಾಂಶದಲ್ಲಿ, ಸಂಶೋಧನೆಯಲ್ಲಿ ಅದು ಗೊತ್ತಿರುವುದಿಲ್ಲ. ಗೊತ್ತಿದೆ ಎಂದು ನಟಿಸಿ ಎರಡು ವರ್ಷದ ವೈಶಿಷ್ಟ್ಯಗಳ ಪಟ್ಟಿಯನ್ನು ಕರಾರಿಗೆ ಅಂಟಿಸಿದರೆ, ಆರನೇ ತಿಂಗಳಿಂದ ಬದಲಾವಣೆ ಪತ್ರಗಳೇ ಮುಖ್ಯ ಕೆಲಸವಾಗುತ್ತವೆ.

ತಂತ್ರಾಂಶಕ್ಕೆ ಕಾಲವನ್ನೂ ತಂಡವನ್ನೂ ಕಟ್ಟಿಹಾಕಿ, ಏನು ಮಾಡಬೇಕೆಂಬುದನ್ನು ಸಡಿಲ ಬಿಡುವುದು ಒಪ್ಪುತ್ತದೆ. ತಂತ್ರಾಂಶವನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಕಟ್ಟುವ ಸ್ಕ್ರಮ್ ಪದ್ಧತಿಯಲ್ಲಿ ಒಂದು ಸುತ್ತು, ಅಂದರೆ ಸ್ಪ್ರಿಂಟ್, ಒಂದು ತಿಂಗಳಿಗಿಂತ ಉದ್ದವಾಗುವಂತಿಲ್ಲ. ಅದನ್ನೇ ಪ್ಯಾಕೇಜ್ ಎಂದುಕೊಂಡರೆ ಬಿಲ್ಲಿನ ಅವಧಿ ಸಹಜವಾಗಿ ಹೊಂದುತ್ತದೆ. ಆದರೆ ಕೇವಲ ತಲೆಗಿಷ್ಟು, ತಿಂಗಳಿಗಿಷ್ಟು ಎಂದು ಬಿಟ್ಟರೆ ಗಡಿ ಮತ್ತೆ ಮಾಯ. ಆದ್ದರಿಂದ ಪ್ರತಿ ಸ್ಪ್ರಿಂಟ್‌ಗೂ ಅನ್ವಯಿಸುವ ‘ಮುಗಿದಿದೆ’ ಎಂಬುದರ ವ್ಯಾಖ್ಯೆ ಕರಾರಿನಲ್ಲಿರಲಿ: ಪರೀಕ್ಷೆ ದಾಟಿದ ಕೋಡ್ ಕೊಳ್ಳುವವರ ಭಂಡಾರದಲ್ಲಿ ಸೇರಿರಬೇಕು, ಅವರ ಸರ್ವರ್‌ನಲ್ಲಿ ಓಡುತ್ತಿರಬೇಕು. ಯಾವ ಸ್ಪ್ರಿಂಟ್‌ನ ಕೊನೆಯಲ್ಲಾದರೂ ಕೆಲಸ ನಿಲ್ಲಿಸುವ ಹಕ್ಕು ಕೊಳ್ಳುವವರಿಗೆ ಇರಲಿ. ಹಳೆಯ ವ್ಯವಸ್ಥೆಯ ಡೇಟಾವನ್ನು ಹೊಸದಕ್ಕೆ ಸಾಗಿಸುವಂಥ ಗೊತ್ತಿರುವ ತುಣುಕುಗಳಿದ್ದರೆ ಅವನ್ನು ಮಾತ್ರ ಬೇರೆ ತೆಗೆದು ನಿಗದಿತ ಬೆಲೆಯ ಪ್ಯಾಕೇಜ್ ಮಾಡಿ.

ಸಂಶೋಧನೆಗೆ ಐರೋಪ್ಯ ಒಕ್ಕೂಟದ ಹೊರೈಜನ್ ಯುರೋಪ್ ಕಾರ್ಯಕ್ರಮದ ಇಡಿಗಂಟು ಅನುದಾನ ನೋಡಬೇಕಾದ ಮಾದರಿ. ಅಲ್ಲಿ ಹಣ ಬರುವುದು ವರ್ಕ್ ಪ್ಯಾಕೇಜ್ ಮುಗಿದಾಗ. ಆದರೆ ಮುಗಿಯುವುದು ಎಂದರೆ ಒಪ್ಪಿಕೊಂಡ ಚಟುವಟಿಕೆಗಳನ್ನು ಸರಿಯಾಗಿ ಮಾಡಿರುವುದು. ಪ್ರಯೋಗ ಬಯಸಿದ ಫಲ ಕೊಡಲೇಬೇಕೆಂದಿಲ್ಲ. ಫಲಕ್ಕೆ ಹಣ ಕಟ್ಟಿದರೆ ಅಪಾಯದ ಪ್ರಶ್ನೆಗಳಿಗೆ ಯಾರೂ ಕೈ ಹಾಕುವುದಿಲ್ಲ ಎಂಬ ಅರಿವು ಇದರ ಹಿಂದಿದೆ. ನಿರ್ವಹಣೆಯಂಥ ಉದ್ದನೆಯ ಪ್ಯಾಕೇಜ್‌ಗಳನ್ನು ವರದಿಯ ಅವಧಿಗಳಿಗೆ ತಕ್ಕಂತೆ ಒಡೆಯಲು ಅಲ್ಲಿ ಅವಕಾಶವಿದೆ. ನಾಲ್ಕು ವರ್ಷದ ಒಂದೇ ಪ್ಯಾಕೇಜ್ ಇಟ್ಟುಕೊಂಡರೆ ಅದರ ಹಣ ಬರುವುದು ಕೊನೆಯಲ್ಲೇ.

ಸಹಿಗೆ ಮುಂಚೆ ಒಂದು ಸಂಜೆ

ಕರಡು ಸಿದ್ಧವಾದ ಮೇಲೆ ನಾನು ಮೂರು ಅನುಬಂಧಗಳನ್ನು, ಅಂದರೆ ಕೆಲಸದ ವಿವರ, ಬೆಲೆಪಟ್ಟಿ, ದಿನಾಂಕಗಳನ್ನು, ಮೇಜಿನ ಮೇಲೆ ಪಕ್ಕಪಕ್ಕ ಹರಡುತ್ತೇನೆ. ಪ್ಯಾಕೇಜ್ 4 ಮೂರರಲ್ಲೂ ಪ್ಯಾಕೇಜ್ 4 ಆಗಿಯೇ, ಅದೇ ಹೆಸರಿನಲ್ಲಿ ಇದೆಯೇ ಎಂದು ಸ್ಕೇಲ್ ಇಟ್ಟು ಸಾಲು ಸಾಲಾಗಿ ನೋಡುತ್ತೇನೆ. ಬೇರೆ ಬೇರೆ ಕೈಗಳು ಬರೆದಿರುವುದರಿಂದ ವಿವರದಲ್ಲಿ ‘ಕೇಬಲ್ ಕೆಲಸ’, ಬೆಲೆಪಟ್ಟಿಯಲ್ಲಿ ‘ವಿದ್ಯುದೀಕರಣ’, ದಿನಾಂಕಗಳಲ್ಲಿ ‘ಎಲೆಕ್ಟ್ರಿಕಲ್ ಹಂತ 1’ ಎಂದಿರುವುದು ಅಪರೂಪವಲ್ಲ. ಆಮೇಲೆ ಇವು ತಮ್ಮತಮ್ಮಲ್ಲಿ ವಿರೋಧಿಸಿದರೆ ಯಾವುದು ಮೇಲು ಎಂಬ ಕಲಮು ಹುಡುಕುತ್ತೇನೆ. ಕೊನೆಗೆ ಒಂದು ಖಾಲಿ ಹಾಳೆಯಲ್ಲಿ ಪ್ಯಾಕೇಜ್‌ಗಳ ಸಂಖ್ಯೆಯನ್ನು ಅಡ್ಡಕ್ಕೂ ಉದ್ದಕ್ಕೂ ಬರೆದು ಚೌಕಗಳನ್ನು ಎಳೆದು, ಪ್ರತಿ ಚೌಕದಲ್ಲೂ ಆ ಎರಡರ ನಡುವೆ ಕೈ ಬದಲಾಗುವ ವಸ್ತು ಯಾವುದು, ಕೊಡುವವರು ಯಾರು, ಯಾವ ದಿನ ಎಂದು ತುಂಬುತ್ತೇನೆ. ಸಿವಿಲ್‌ನವರ 2 ಮತ್ತು ಮೆಕ್ಯಾನಿಕಲ್‌ನವರ 5ರ ಚೌಕದಲ್ಲಿ ಈಗ ಯಾವಾಗಲೂ ಮೊದಲು ಬರೆಯುವುದು ಆಂಕರ್ ಬೋಲ್ಟ್ ಮತ್ತು ಕಾಂಕ್ರೀಟ್ ಹೊಯ್ಯುವಾಗ ಅದನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಟೆಂಪ್ಲೇಟ್. ಖಾಲಿ ಉಳಿದ ಚೌಕಗಳನ್ನು ಎರಡೂ ಕಡೆಯವರನ್ನು ಕೂರಿಸಿಕೊಂಡು, ಸಹಿಗೆ ಮುಂಚೆ, ಕೇಳಿ ತುಂಬಿಸುತ್ತೇನೆ.